ಕನ್ನಡದಲ್ಲಿ ಬಂದ ರಜೆ, ಮಲಯಾಳದಲ್ಲಿ ಬಂದ ‘ಅವಧಿ’: ಗಡಿನಾಡಿನ ಶಾಲೆಯೊಂದರ ವಾಟ್ಸಾಪ್ ಪ್ರಕರಣ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ಎರಡು ಮಳೆಗಾಲಗಳಲ್ಲಿ ನಡೆದ ಸಂಗತಿ ಇದು. ಒಂದರಿಂದ ಏಳರ ತನಕ ತರಗತಿ, 143 ಮಕ್ಕಳು, 104 ಮನೆ. ಯಾರ ಗುರುತೂ ಸಿಗಬಾರದೆಂದು ಊರು, ಇಸವಿ ಹೇಳಿಲ್ಲ. ಕೆಲವು ವಿವರಗಳನ್ನು ಬದಲಿಸಿದೆ. ವಿಷಯ ಚಿಕ್ಕದು: ಮಳೆಗೆ ಶಾಲೆಗೆ ರಜೆ ಇದೆಯೋ ಇಲ್ಲವೋ ಎಂಬ ಒಂದು ಸಾಲಿನ ಸುದ್ದಿ. ಆ ಒಂದು ಸಾಲು ಮೊಬೈಲಿನಲ್ಲಿ ಹಾದಿ ತಪ್ಪಿದ್ದರಿಂದ ಇಬ್ಬರು ಮಕ್ಕಳು ತುಂಬಿ ಹರಿಯುವ ತೋಡಿನ ಬದಿಯಲ್ಲಿ ನಿಲ್ಲಬೇಕಾಯಿತು.

ಹಿನ್ನೆಲೆ

ಶಾಲೆ ಇರುವುದು ಪದವಿನಲ್ಲಿ (ಎತ್ತರದ ಸಮತಟ್ಟು ಜಾಗ), ಮನೆಗಳು ಸುತ್ತಲಿನ ತಗ್ಗಿನ ಬೈಲುಗಳಲ್ಲಿ. ಪದವಿನಲ್ಲಿ ಫೋನಿಗೆ ರೇಂಜ್ ಉಂಟು. ಬೈಲಿಗಿಳಿದರೆ ಅಂಗಳದ ಒಂದು ಮೂಲೆಯಲ್ಲೋ ಗದ್ದೆಯ ಕಟ್ಟಪುಣಿಯಲ್ಲೋ ನಿಂತರೆ ಮಾತ್ರ. ಮೂವತ್ತರಷ್ಟು ಮಕ್ಕಳು ತೋಡಿನ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ದಾಟಿಯೇ ಬರಬೇಕು. ಮಳೆಗಾಲದಲ್ಲಿ ರಜೆಯ ಸುದ್ದಿ ಸರಿಯಾದ ಹೊತ್ತಿಗೆ ತಲುಪುವುದು ಇಲ್ಲಿ ಮಕ್ಕಳ ಜೀವದ ಪ್ರಶ್ನೆ.

ಹೆತ್ತವರ ವಾಟ್ಸಾಪ್ ಗುಂಪು ಹುಟ್ಟಿದ್ದು ಕೊರೋನಾ ಕಾಲದಲ್ಲಿ. 2020ರ ಜೂನ್ 1ರಂದು ಕೇರಳದ ಶಾಲಾ ವರ್ಷ ಆನ್‌ಲೈನ್ ಪಾಠದಿಂದಲೇ ಸುರುವಾದಾಗ ಶಿಕ್ಷಕರು ಗಡಿಬಿಡಿಯಲ್ಲಿ ಮನೆಗೊಂದರಂತೆ ನಂಬರು ಬರೆದುಕೊಂಡರು. ಆಗ ಎಲ್ಲರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಯಾರ ಹತ್ತಿರ ಇತ್ತೋ ಅವರದ್ದು ಬಂತು: ಗಲ್ಫಿನಲ್ಲಿರುವ ಅಪ್ಪ, ಮಂಗಳೂರಿನಲ್ಲಿ ಕೆಲಸದಲ್ಲಿರುವ ಮಾವ, ಪಕ್ಕದ ಮನೆಯ ಹುಡುಗ. ಪಾಠ ಮತ್ತೆ ತರಗತಿಗೆ ಬಂದ ಮೇಲೂ ಆ ಪಟ್ಟಿಯನ್ನು ಯಾರೂ ತಿದ್ದಲಿಲ್ಲ. ಗುಂಪಿನಲ್ಲಿ 126 ಜನ ಇದ್ದದ್ದು ನಿಜ, ಆದರೆ ರಾತ್ರಿ ಮಕ್ಕಳಿರುವ ಮನೆಯೊಳಗೇ ಇರುವ ಫೋನುಗಳು ಎಷ್ಟು ಎಂದು ಲೆಕ್ಕ ಹಾಕಿದವರಿಲ್ಲ.

ಇನ್ನೊಂದು, ಭಾಷೆಯ ಮಾತು. 1956ರ ನವೆಂಬರ್ 1ರಿಂದ ಇಲ್ಲಿಯ ಆಡಳಿತ ಕೇರಳದ್ದು. ಕನ್ನಡ ಮನೆಗಳ ಪತ್ರಿಕೆ ಮಂಗಳೂರು ಕಡೆಯದು, ಟಿವಿ ಬೆಂಗಳೂರಿನದು, 1976ರಲ್ಲಿ ಮಂಗಳೂರು ಆಕಾಶವಾಣಿ ಸುರುವಾದ ಮೇಲೆ ರೇಡಿಯೋವೂ ಅಲ್ಲಿಯದೇ. ಹಾಗಾಗಿ ತನ್ನ ಭಾಷೆಯಲ್ಲಿ ಬರುವ ಸುದ್ದಿ ಹೆಚ್ಚಾಗಿ ಪಕ್ಕದ ರಾಜ್ಯದ್ದು, ತನ್ನ ಜಿಲ್ಲೆಯ ಆದೇಶ ಬರುವುದು ಮಲಯಾಳದಲ್ಲಿ. ಹಳಬರಿಗೆ ಮಲಯಾಳ ಕೇಳಿದರೆ ತಿಳಿಯುತ್ತದೆ, ಲಿಪಿ ಓದಲಿಕ್ಕೆ ಬರುವುದಿಲ್ಲ. ಪುತ್ತೂರು, ಸುಳ್ಯ, ಬಂಟ್ವಾಳದಿಂದ ಮದುವೆಯಾಗಿ ಬಂದ ತಾಯಂದಿರಲ್ಲಿ ಹಲವರಿಗೆ ಎರಡೂ ಇಲ್ಲ. ಶಾಲೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಗುಂಪಿನಲ್ಲಿ ಸಂದೇಶ ಹಾಕುವಾಗ ಮಾತ್ರ ಯಾರಿಗೂ ನೆನಪಾಗುತ್ತಿರಲಿಲ್ಲ.

ಮೊದಲ ಸೋಮವಾರ

ಜುಲೈಯ ಒಂದು ಸೋಮವಾರ ರಾತ್ರಿ 9:20ಕ್ಕೆ ಗುಂಪಿನಲ್ಲಿ ಒಂದು ಚಿತ್ರ ಬಂತು. ಕನ್ನಡದಲ್ಲಿ, ಕೆಂಪು ಹಿನ್ನೆಲೆಯಲ್ಲಿ: ಭಾರೀ ಮಳೆಯ ಹಿನ್ನೆಲೆಯಲ್ಲಿ ನಾಳೆ ಅಂಗನವಾಡಿಯಿಂದ ಪಿಯುಸಿ ವರೆಗೆ ರಜೆ, ಜಿಲ್ಲಾಧಿಕಾರಿ ಆದೇಶ. ಮೇಲಿನ ಜಿಲ್ಲೆಯ ಹೆಸರಿನ ಸಾಲು ಎಲ್ಲೋ ಕತ್ತರಿಸಿ ಹೋಗಿತ್ತು. ಮುಖ್ಯೋಪಾಧ್ಯಾಯರು ಫೋನ್ ನೋಡಿದ್ದು 10:30ಕ್ಕೆ. ಕೂಡಲೇ ‘ನಮಗೆ ರಜೆ ಇಲ್ಲ’ ಎಂದು ಬರೆದರು. ಅಷ್ಟರಲ್ಲಿ ಬೈಲಿನ ಮನೆಗಳು ಮಲಗಿದ್ದವು. ಮರುದಿನ ಬಂದವರು 58 ಮಕ್ಕಳು.

ಆ ಚಿತ್ರದಲ್ಲೇ ಸುಳಿವು ಇತ್ತು. ಪಿಯುಸಿ ಎಂಬುದು ಕೇರಳದಲ್ಲಿ ಇಲ್ಲ, ಇಲ್ಲಿಯದು ಪ್ಲಸ್ ಟು. ಇಂಥ ಪದಗಳು ಇನ್ನೂ ಉಂಟು, ಶಿಕ್ಷಣಾಧಿಕಾರಿಗಳ ಹುದ್ದೆಯ ಹೆಸರುಗಳು: ಬಿ.ಇ.ಒ., ಡಿ.ಡಿ.ಪಿ.ಐ. ಎಂದು ಕಂಡರೆ ಅದು ಕರ್ನಾಟಕದ್ದು, ಎ.ಇ.ಒ., ಡಿ.ಡಿ.ಇ. ಎಂದಿದ್ದರೆ ಇಲ್ಲಿಯದು. ರಾತ್ರಿ ಒಂಬತ್ತಕ್ಕೆ, ಹೊರಗೆ ಮಳೆ ಹೊಡೆಯುತ್ತಿರುವಾಗ, ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲಿಲ್ಲ. ಕನ್ನಡದಲ್ಲಿ ಇದ್ದದ್ದೇ ಅದು ನಮ್ಮದು ಎಂಬುದಕ್ಕೆ ಸಾಕ್ಷಿಯಾಯಿತು.

ಬಂದ ಹಾದಿಯನ್ನು ಆಮೇಲೆ ಹುಡುಕಿದಾಗ ಗೊತ್ತಾದದ್ದು ಇಷ್ಟು. ಗಡಿಯಾಚೆಯ ಅಕ್ಕ ತವರುಮನೆಯ ಗುಂಪಿನಲ್ಲಿ ‘ನಮ್ಮ ಮಕ್ಕಳಿಗೆ ರಜೆ’ ಎಂದು ಹಾಕಿದ್ದರು. ಇಲ್ಲಿಯ ತಂಗಿ, ಎರಡು ಮಕ್ಕಳ ತಾಯಿ, ಅದನ್ನು ಗ್ಯಾಲರಿಗೆ ಇಳಿಸಿ ಹೆತ್ತವರ ಗುಂಪಿಗೆ ಹಾಕಿದರು. ಒಳ್ಳೆಯ ಮನಸ್ಸಿನಿಂದ, ಎಲ್ಲರಿಗೂ ಬೇಗ ಗೊತ್ತಾಗಲಿ ಎಂದು. 2018ರಲ್ಲಿ ವಾಟ್ಸಾಪ್ ‘ಫಾರ್ವರ್ಡೆಡ್’ ಎಂಬ ಗುರುತು ತಂದಿತು, ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆಗೆ ಕಳಿಸುವ ಮಿತಿ ಹಾಕಿತು. 2020ರಲ್ಲಿ, ಹಲವು ಕೈ ದಾಟಿದ ಸಂದೇಶವನ್ನು ಒಂದೊಂದೇ ಕಡೆಗೆ ಕಳಿಸುವಂತೆ ಮಾಡಿತು. ಆದರೆ ಚಿತ್ರವನ್ನು ಫೋನಿಗೆ ಇಳಿಸಿ ಹೊಸದಾಗಿ ಹಾಕಿದರೆ ಆ ಗುರುತು ಇರುವುದಿಲ್ಲ. ನೋಡಿದವರಿಗೆ ಅದು ಆ ತಾಯಿಯೇ ತಂದ ಸುದ್ದಿಯಂತೆ ಕಂಡಿತು.

ಮಂಗಳವಾರ ಸಂಜೆ ಗುಂಪಿನಲ್ಲಿ ಒಬ್ಬರು ಬರೆದರು: ‘ಓದಿ ನೋಡದೆ ಹಾಕುವವರನ್ನು ಗುಂಪಿನಿಂದ ತೆಗೆಯಬೇಕು.’ ಇನ್ನೊಬ್ಬರು: ‘ಅಲ್ಲಿಯ ರಜೆಯೇ ಬೇಕಾದರೆ ಮಕ್ಕಳನ್ನೂ ಅಲ್ಲಿಗೇ ಸೇರಿಸಲಿ.’ ಅದರ ಕೆಳಗೆ ಹದಿನೇಳು ಹೆಬ್ಬೆರಳು. ಆ ತಾಯಿ ಅದೇ ರಾತ್ರಿ ಗುಂಪು ಬಿಟ್ಟರು. 2022ರಿಂದ ಯಾರಾದರೂ ಗುಂಪು ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ತಿಳಿಸಲಾಗುತ್ತದೆ, ಉಳಿದವರಿಗೆ ಇಲ್ಲ. ಮುಖ್ಯೋಪಾಧ್ಯಾಯರಿಗೂ ಇಬ್ಬರು ಶಿಕ್ಷಕಿಯರಿಗೂ ತಿಳಿಯಿತು. ‘ಸ್ವಲ್ಪ ದಿನ ಕಳೆದರೆ ಸರಿಹೋಗುತ್ತದೆ’ ಎಂದುಕೊಂಡರು. ಈ ಪ್ರಕರಣದ ನಿಜವಾದ ತಿರುವು ಇದೇ. ತಪ್ಪು ಚಿತ್ರದಿಂದ ಹೋದದ್ದು ಒಂದು ದಿನದ ಹಾಜರಿ. ತೆರೆಯ ಮೇಲೆ ರಾತ್ರಿಯಿಡೀ ಉಳಿದ ಆ ಎರಡು ಸಾಲು ಒಂದು ಮನೆಯನ್ನೇ ಶಾಲೆಯಿಂದ ಕಡಿದುಹಾಕಿತು. ಅಡ್ಮಿನ್‌ಗೆ ಯಾರ ಸಂದೇಶವನ್ನೂ ಎಲ್ಲರಿಗೂ ಕಾಣದ ಹಾಗೆ ಅಳಿಸುವ ಅಧಿಕಾರ ಇದೆ. ಅದನ್ನು ಅಂದೇ ಬಳಸಬೇಕಿತ್ತು, ಮರುದಿನ ಆ ಮನೆಗೆ ಒಂದು ಫೋನ್ ಮಾಡಬೇಕಿತ್ತು.

ಮೊದಲ ಪರಿಹಾರ, ಅದರ ಫಲ

ಬದಲಿಗೆ ಗುಂಪನ್ನು ‘ಅಡ್ಮಿನ್ ಮಾತ್ರ ಕಳಿಸಬಹುದು’ ಎಂದು ಮಾಡಿದರು. ಇದರ ಹಿಂದೆ ಹೆದರಿಕೆಯೂ ಇತ್ತು: ಯಾರೋ ಹಾಕಿದ ಸುಳ್ಳಿಗೆ ಅಡ್ಮಿನ್ ಮೇಲೆ ಕೇಸಾದರೆ? ಗುಂಪಿನ ಸದಸ್ಯ ಹಾಕಿದ ಆಕ್ಷೇಪಾರ್ಹ ವಿಷಯಕ್ಕೆ, ಅಡ್ಮಿನ್ ಎಂಬ ಒಂದೇ ಕಾರಣದಿಂದ, ಆತನನ್ನು ಹೊಣೆ ಮಾಡಲಾಗದು ಎಂದು ಕೇರಳ ಹೈಕೋರ್ಟು 2022ರ ಫೆಬ್ರವರಿಯಲ್ಲೇ ಹೇಳಿದೆ. ಆ ಮಾತು ಶಾಲೆಗೆ ತಲುಪಿರಲಿಲ್ಲ.

ಬಾಯಿ ಮುಚ್ಚಿದ ಗುಂಪಿನಲ್ಲಿ ಪ್ರಶ್ನೆ ಕೇಳುವ ಹಾಗಿಲ್ಲ. ವಾರದೊಳಗೆ ಹೆತ್ತವರು ಶಿಕ್ಷಕರಿಲ್ಲದ ಇನ್ನೊಂದು ಗುಂಪು ಕಟ್ಟಿಕೊಂಡರು. ಹಳೆಯ ಚಿತ್ರಗಳು, ಬೇರೆ ಜಿಲ್ಲೆಯ ಆದೇಶಗಳು ಅಲ್ಲಿ ಓಡಾಡತೊಡಗಿದವು, ತಿದ್ದುವವರು ಇರಲಿಲ್ಲ. ಅಧಿಕೃತ ಗುಂಪು ಶಾಂತವಾಗಿ ಕಂಡಿತು. ಆ ಶಾಂತಿಯನ್ನು ಶಾಲೆ ಯಶಸ್ಸು ಎಂದು ತಿಳಿಯಿತು.

ತೋಡಿನ ಬದಿ

ಮೂರು ವಾರದ ಬಳಿಕ ನಿಜವಾದ ರಜೆ ಬಂತು. ಕಾಸರಗೋಡು ಕಲೆಕ್ಟರ್ ಆದೇಶದ ಮಲಯಾಳ ಪೋಸ್ಟರನ್ನು ಮುಖ್ಯೋಪಾಧ್ಯಾಯರು ರಾತ್ರಿ 8:55ಕ್ಕೆ ಗುಂಪಿಗೆ ಹಾಕಿದರು. ಜತೆಗೆ ಒಂದಕ್ಷರವೂ ಬರೆಯಲಿಲ್ಲ.

ಪೋಸ್ಟರಿನಲ್ಲಿ ಎರಡು ಪದ ಹಲವರನ್ನು ಎಡವಿಸಿದವು. ಮಲಯಾಳದಲ್ಲಿ ‘ಅವಧಿ’ ಎಂದರೆ ರಜೆ. ಕನ್ನಡದ ಕಿವಿಗೆ ಅದು ಕಾಲಾವಧಿ. ‘ಪರೀಕ್ಷಗಳ್ಕ್ ಅವಧಿ ಬಾಧಕಮಲ್ಲ’ ಎಂದರೆ ಪರೀಕ್ಷೆಗಳಿಗೆ ಈ ರಜೆ ಅನ್ವಯಿಸುವುದಿಲ್ಲ, ಅವು ನಡೆಯುತ್ತವೆ. ಕನ್ನಡದಲ್ಲಿ ಬಾಧಕ ಎಂದರೆ ತೊಂದರೆ. ಮಗ ಓದಿ ಹೇಳಿದ್ದನ್ನು ಕೇಳಿದ ಒಬ್ಬ ತಾಯಿ ‘ಪರೀಕ್ಷೆಗೂ ತೊಂದರೆ ಇಲ್ಲವಂತೆ, ಮನೆಯಲ್ಲೇ ಇರು’ ಎಂದು ಡಿಗ್ರಿ ಓದುವ ಮಗಳನ್ನು ನಿಲ್ಲಿಸಿದ್ದರು. ಬೆಳಿಗ್ಗೆ ಗೆಳತಿಯ ಫೋನ್ ಬಂದದ್ದರಿಂದ ಆಕೆ ಓಡಿ ಹೋಗಿ ಪರೀಕ್ಷೆ ಬರೆದಳು.

ಗುಂಪು ಬಿಟ್ಟ ತಾಯಿಯ ಮನೆಯಿಂದ ಉಳಿದಿದ್ದ ಒಂದೇ ನಂಬರು ದುಬಾಯಿಯಲ್ಲಿರುವ ತಂದೆಯದು. ಅಲ್ಲಿಯ ಗಂಟೆ ನಮಗಿಂತ ಒಂದೂವರೆ ತಾಸು ಹಿಂದೆ. ಡ್ಯೂಟಿ ಮುಗಿಸಿ ಅವರು ಸಂದೇಶ ನೋಡುವಾಗ ಇಲ್ಲಿ ರಾತ್ರಿ ಹನ್ನೊಂದೂವರೆ. ಕೂಡಲೇ ಮನೆಗೆ ಫೋನ್ ಮಾಡಿದರು. ಸಂಜೆಯಿಂದ ಕರೆಂಟಿರಲಿಲ್ಲ, ಮನೆಯ ಫೋನು ಚಾರ್ಜ್ ಮುಗಿದು ಆಫ್ ಆಗಿತ್ತು.

ಬೆಳಿಗ್ಗೆ ಎಂಟೂವರೆಗೆ ಆರನೇ ತರಗತಿಯ ಅಣ್ಣ, ಮೂರನೇ ತರಗತಿಯ ತಂಗಿ ಹೊರಟರು. ಹೋಗುವಾಗ ನೀರು ಸಂಕದಿಂದ ಒಂದು ಮೊಳ ಕೆಳಗಿತ್ತು. ಶಾಲೆಯ ಗೇಟಿಗೆ ಬೀಗ. ಸ್ವಲ್ಪ ಹೊತ್ತು ಕಾದು ಮರಳಿ ಬರುವಾಗ ಸಂಕದ ಹಲಗೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು, ಕೈಹಿಡಿಯ ಬಿದಿರು ಒಂದು ಬದಿ ಕಳಚಿ ನೀರಿನಲ್ಲಿ ಬಡಿಯುತ್ತಿತ್ತು. ಅಣ್ಣ ತಂಗಿಯ ಬ್ಯಾಗನ್ನೂ ತನ್ನ ಹೆಗಲಿಗೆ ಹಾಕಿಕೊಂಡು ಒಂದು ಹೆಜ್ಜೆ ಇಟ್ಟದ್ದನ್ನು ಮೇಲಿನ ಗೂಡಂಗಡಿಯವರು ನೋಡಿ ಕೂಗಿ ನಿಲ್ಲಿಸಿದರು. ಎರಡೂವರೆ ತಾಸು ಮಕ್ಕಳು ಅಂಗಡಿಯ ಬೆಂಚಿನಲ್ಲಿ ಒದ್ದೆ ಬಟ್ಟೆಯಲ್ಲಿ ಕೂತಿದ್ದರು. ಮಕ್ಕಳು ತರಗತಿಯಲ್ಲಿದ್ದಾರೆ ಎಂದೇ ತಾಯಿ ನಂಬಿದ್ದರು.

ಹತ್ತು ದಿನ ಬಿಟ್ಟು ನಡೆದ ಪಿ.ಟಿ.ಎ. (ಹೆತ್ತವರ-ಶಿಕ್ಷಕರ ಸಂಘ) ಸಭೆಗೆ ಆ ತಾಯಿ ಬರಲಿಲ್ಲ. ಅವರ ಅತ್ತೆ ಬಂದರು. ಎದ್ದು ನಿಂತು ಒಂದೇ ಮಾತು ಹೇಳಿದರು: “ದುಬಾಯಿಗೆ ಗೊತ್ತಾಗಿದೆ ಮಾಸ್ಟ್ರೇ, ತೋಡಿನ ಆಚೆಗೆ ಗೊತ್ತಾಗಲಿಲ್ಲ.”

ಮತ್ತೆ ಕಟ್ಟಿದ್ದು

ಸಭೆಯಲ್ಲಿ ಮೊದಲು ಬಂದ ಸಲಹೆ, ಎಲ್ಲರೂ ಕಲೆಕ್ಟರರ ಫೇಸ್‌ಬುಕ್ ಪುಟ ನೋಡಿಕೊಳ್ಳಲಿ ಎಂದು. ಮಲಯಾಳ ಓದಲು ಬಾರದವರಿಗೆ ಮಲಯಾಳದ ಪುಟ ತೋರಿಸಿ ಪ್ರಯೋಜನವಿಲ್ಲ ಎಂದು ಅದನ್ನು ಬಿಟ್ಟರು. ಪುಟ ನೋಡುವುದು, ಅರ್ಥ ಮಾಡಿಕೊಳ್ಳುವುದು, ಸಂಶಯವಿದ್ದರೆ ಎ.ಇ.ಒ. ಕಚೇರಿಗೆ ಕೇಳುವುದು ಶಾಲೆಯ ಕೆಲಸ. ಮನೆಗೆ ತಲುಪಬೇಕಾದ್ದು ಶಾಲೆಯ ಸ್ವಂತ ಮಾತು ಎಂದು ತೀರ್ಮಾನವಾಯಿತು. ಇದೇ ಸರಿಯಾದ ದಾರಿ.

ಚಿತ್ರ ಹಾಕುವುದನ್ನು ಪೂರ್ತಿ ನಿಲ್ಲಿಸಿದರು. ಚಿತ್ರವನ್ನು ಕತ್ತರಿಸಬಹುದು, ಮುಂದಿನ ವರ್ಷ ಮತ್ತೆ ಓಡಿಸಬಹುದು. ಪ್ರತಿ ಸಲವೂ ಮುಖ್ಯೋಪಾಧ್ಯಾಯರೇ ಹೊಸದಾಗಿ ಟೈಪ್ ಮಾಡಬೇಕು, ರೂಪ ಮಾತ್ರ ಒಂದೇ:

ಕಾಸರಗೋಡು ಜಿಲ್ಲೆ. ನಮ್ಮ ಶಾಲೆಗೆ ರಜೆ ಇದೆ.
ದಿನ: ಜುಲೈ 16, ಮಂಗಳವಾರ.
ಎಲ್ಲ ತರಗತಿಗಳಿಗೂ. ಅಂಗನವಾಡಿಗೂ ರಜೆ.
ಆದೇಶ: ಕಾಸರಗೋಡು ಕಲೆಕ್ಟರ್.
ಬರೆದದ್ದು: ಜುಲೈ 15, ರಾತ್ರಿ 8:50, ಮುಖ್ಯೋಪಾಧ್ಯಾಯರು.

‘ನಾಳೆ’, ‘ಇವತ್ತು’ ಎಂಬ ಪದಗಳಿಗೆ ಇದರಲ್ಲಿ ಜಾಗವಿಲ್ಲ. ರಾತ್ರಿ ಬರೆದ ‘ನಾಳೆ’ಯನ್ನು ಮರುದಿನ ಬೆಳಿಗ್ಗೆ ಓದಿದವರಿಗೆ ಒಂದು ದಿನ ಜಾರಿ ಹೋಗುತ್ತದೆ. ಇದರ ಹಿಂದೆಯೇ ಒಂದನೇ ತರಗತಿಯ ಟೀಚರ್ ಸ್ವರದಲ್ಲಿ ಇಪ್ಪತ್ತು ಸೆಕೆಂಡಿನ ಧ್ವನಿ ಸಂದೇಶ: ಮೊದಲು ದಿನಾಂಕ, ಆಮೇಲೆ ಕನ್ನಡದಲ್ಲಿ ವಿಷಯ, ಕೊನೆಗೆ ತುಳುವಿನಲ್ಲಿ ಒಂದು ವಾಕ್ಯ. ಓದಲಾಗದ ಅಜ್ಜಿಯಂದಿರಿಗೆ ಇದು ಬೇಕು, ಮಕ್ಕಳಿಗೂ ಆ ಸ್ವರದ ಗುರ್ತ ಉಂಟು.

ಅಷ್ಟೇ ಮುಖ್ಯವಾದದ್ದು ರಜೆ ಇಲ್ಲದ ದಿನದ ಸಂದೇಶ. ಮಳೆ ಜೋರಿದ್ದ ರಾತ್ರಿ ಶಾಲೆ ಸುಮ್ಮನಿದ್ದರೆ ಆ ಮೌನವನ್ನು ಪ್ರತಿ ಮನೆ ತನಗೆ ತೋಚಿದ ಹಾಗೆ ಅರ್ಥ ಮಾಡುತ್ತದೆ. ರೆಡ್ ಅಲರ್ಟ್ ಎಂದರೆ ರಜೆ ಎಂದೇ ಹಲವರ ಲೆಕ್ಕ. ಅಲರ್ಟ್ ಹವಾಮಾನ ಇಲಾಖೆಯ ಮುನ್ನೆಚ್ಚರಿಕೆ: 24 ತಾಸಿನಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆ ನಿರೀಕ್ಷೆಯಿದ್ದರೆ ಹಳದಿ, 115.6ರಿಂದ 204.4 ತನಕ ಕಿತ್ತಳೆ, ಅದಕ್ಕಿಂತ ಮೇಲೆ ಕೆಂಪು. ರಜೆ ಬೇರೆ ಆದೇಶ. ಹಾಗಾಗಿ ಅಂಥ ರಾತ್ರಿಗಳಲ್ಲಿ ಒಂಬತ್ತಕ್ಕೆ ಸರಿಯಾಗಿ ‘ಈ ತನಕ ಆದೇಶ ಇಲ್ಲ, ಶಾಲೆ ಇದೆ, ಸಂಕ ದಾಟಿ ಬರುವ ಮಕ್ಕಳನ್ನು ಕಳಿಸುವುದು ಬಿಡುವುದು ಮನೆಯವರ ತೀರ್ಮಾನ, ಬಾರದಿದ್ದರೆ ಶಾಲೆಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ’ ಎಂದು ಹಾಕತೊಡಗಿದರು. ಕೊನೆಯ ಈ ಮಾತಿಗೆ ಸಭೆಯಲ್ಲಿ ತುಂಬ ಚರ್ಚೆಯಾಯಿತು. ಸದಾ ರಜೆ ಹಾಕುವವರಿಗೆ ನೆಪ ಸಿಗುತ್ತದೆ ಎಂದು ಶಿಕ್ಷಕರ ಆತಂಕ. ತೋಡಿನ ನೀರು ಎಷ್ಟಿದೆ ಎಂದು ಶಾಲೆಗೆ ಕಾಣುವುದಿಲ್ಲ, ಮನೆಗೆ ಕಾಣುತ್ತದೆ ಎಂಬ ವಾದ ಗೆದ್ದಿತು.

ನಂಬರಿನ ಪಟ್ಟಿಯನ್ನು ಮೊದಲಿನಿಂದ ಬರೆದರು. ಮಗುವಿಗೆ ಎರಡು ನಂಬರು: ಗುಂಪಿನಲ್ಲಿರುವುದು ಒಂದು, ರಾತ್ರಿ ಮನೆಯೊಳಗೇ ಇರುವುದು ಇನ್ನೊಂದು. ಎರಡನೆಯದು ಕೀಪ್ಯಾಡ್ ಫೋನಾದರೂ ಸಾಕು, ಅದರ ಚಾರ್ಜ್ ಹೆಚ್ಚು ದಿನ ನಿಲ್ಲುತ್ತದೆ. ಲೆಕ್ಕ ಹಾಕಿದಾಗ 104 ಮನೆಗಳ ಪೈಕಿ 31 ಮನೆಗಳ ಗುಂಪಿನ ನಂಬರು ಮನೆಯಲ್ಲಿ ಇರಲೇ ಇಲ್ಲ.

ಆ ಮೇಲೆ ಕರೆಯ ಸರಪಳಿ. ಏಳು ಭಾಗ, ಭಾಗಕ್ಕೆ ಹದಿನೈದರಷ್ಟು ಮನೆ, ಒಬ್ಬರು ಕರೆ ಮಾಡುವವರು, ಅವರಿಗೆ ಒಬ್ಬರು ಬದಲಿ. ಸಂದೇಶ ಹಾಕಿ ಅರ್ಧ ತಾಸಾದ ಮೇಲೆ ಟೀಚರ್ ಆ ಸಂದೇಶವನ್ನು ಒತ್ತಿಹಿಡಿದು ‘ಇನ್ಫೋ’ ತೆರೆದು ಯಾರು ಓದಿಲ್ಲ ಎಂದು ನೋಡುತ್ತಾರೆ. ಬ್ಲೂ ಟಿಕ್ ಆಫ್ ಮಾಡಿಟ್ಟವರದ್ದೂ ಗುಂಪಿನಲ್ಲಿ ಕಾಣುತ್ತದೆ, ಆ ಸೆಟ್ಟಿಂಗ್ ಗುಂಪುಗಳಿಗೆ ಲಾಗುವಿಲ್ಲ. ಓದದವರ ಹೆಸರು ಆಯಾ ಭಾಗಕ್ಕೆ ಹೋಗುತ್ತದೆ. ಗಲ್ಫ್ ನಂಬರಿನ ಮನೆಗಳಿಗೆ ಓದಿದ್ದರೂ ಕರೆ ಹೋಗಲೇಬೇಕು. ಕರೆ ಎಂದರೆ ವಾಟ್ಸಾಪ್ ಕರೆ ಅಲ್ಲ, ಮಾಮೂಲಿ ಫೋನ್. ಬೈಲಿನಲ್ಲಿ ಡಾಟಾ ಸಿಗದಿದ್ದಾಗಲೂ ರಿಂಗ್ ಆಗುವುದು ಅದು.

ಸರಪಳಿ ಮೊದಲ ತಿಂಗಳಲ್ಲೇ ಕಡಿದುಹೋಯಿತು. ಆರಿಸಿದ್ದು ಪಿ.ಟಿ.ಎ.ಯ ಮುಂದಾಳುಗಳನ್ನು. ರಾತ್ರಿ ಒಂಬತ್ತಕ್ಕೆ ಅವರಲ್ಲಿ ಒಬ್ಬರು ಭಜನೆಯಲ್ಲಿ, ಒಬ್ಬರು ಪಕ್ಷದ ಸಭೆಯಲ್ಲಿ, ಇಬ್ಬರು ಪೇಟೆಯ ಅಂಗಡಿಯಲ್ಲಿ. ಆಗ ಒಬ್ಬ ಶಿಕ್ಷಕಿಗೆ ಹೊಳೆದದ್ದು ಕೇರಳ ಸರಕಾರದ ಮಹಿಳಾ ಯೋಜನೆಯಾದ ಕುಟುಂಬಶ್ರೀಯ ಅಯಲ್ಕೂಟ. ಹತ್ತರಿಂದ ಇಪ್ಪತ್ತು ಮನೆಗಳ ಹೆಂಗಸರ ಕೂಟ, ಎಲ್ಲ ಭಾಗದಲ್ಲೂ ಮೊದಲೇ ಇತ್ತು. ವಾರಕ್ಕೊಮ್ಮೆ ಸೇರುತ್ತಾರೆ, ಯಾರ ಮನೆಯಲ್ಲಿ ಯಾರಿದ್ದಾರೆ ಎಂದು ಗೊತ್ತು, ರಾತ್ರಿ ಮನೆಯಲ್ಲಿರುತ್ತಾರೆ. ಐದು ಭಾಗಗಳಲ್ಲಿ ಕರೆ ಮಾಡುವವರು ಬದಲಾದರು. ಒಬ್ಬ ಹಿರಿಯರಿಗೆ ಇದರಿಂದ ಬೇಸರವಾಯಿತು, ಅವರು ಆಮೇಲೆ ಸಭೆಗೆ ಬಂದಿಲ್ಲ.

ಗುಂಪನ್ನು ಮತ್ತೆ ತೆರೆದರು. ತಪ್ಪು ಬಂದರೆ ಅಡ್ಮಿನ್ ಅಳಿಸಿ, ಸರಿಯಾದದ್ದನ್ನು ಹಾಕಿ, ಹಾಕಿದವರಿಗೆ ಬೇರೆಯಾಗಿ ಫೋನ್ ಮಾಡಬೇಕು; ಗುಂಪಿನಲ್ಲಿ ಹೆಸರು ಹಿಡಿದು ಮಾತಾಡಿದರೆ ಆ ಸಂದೇಶವನ್ನೂ ಅಳಿಸಬೇಕು. ಮುಖ್ಯೋಪಾಧ್ಯಾಯರು ಒಬ್ಬ ಟೀಚರ್ ಜತೆ ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿದರು. ಅವರು ಚಾ ಕೊಟ್ಟರು, ಮಾತಾಡಿದರು, ಗುಂಪಿಗೆ ಮರಳಲು ಮಾತ್ರ ಒಪ್ಪಲಿಲ್ಲ. ಅವರಿಗೆ ಸುದ್ದಿ ಇಂದಿಗೂ ಸರಪಳಿಯ ಕರೆಯಲ್ಲೇ ಹೋಗುತ್ತದೆ.

ಎರಡನೇ ಮಳೆಗಾಲ

ಮರುವರ್ಷ ಗಡಿಯಾಚೆಯ ರಜೆಯ ಚಿತ್ರ ಗುಂಪಿಗೆ ಮೂರು ಸಲ ಬಂತು. ಮೊದಲ ಸಲ ಅಳಿಸಲು ಇಪ್ಪತ್ತು ನಿಮಿಷ ಹಿಡಿಯಿತು, ಮರುದಿನ ಹನ್ನೊಂದು ಮಕ್ಕಳು ಬರಲಿಲ್ಲ. ಮೂರನೇ ಸಲ ಒಬ್ಬ ಹೆತ್ತವರೇ ‘ಇದರಲ್ಲಿ ಪಿಯುಸಿ ಅಂತ ಉಂಟು, ನಮ್ಮದಲ್ಲ’ ಎಂದು ಕೆಳಗೆ ಬರೆದಿದ್ದರು. ಶಿಕ್ಷಕರಿಲ್ಲದ ಗುಂಪು ಮುಚ್ಚಿಲ್ಲ. ಈಗಲೂ ಅಲ್ಲಿ ಏನೇನೋ ಬರುತ್ತದೆ, ಆದರೆ ಕೇಳಲಿಕ್ಕೆ ಇನ್ನೊಂದು ಜಾಗ ಇದೆ.

ಯೋಚನೆಗೆ ಬಾರದೆ ಉಳಿದಿದ್ದದ್ದು ಬೆಳಗಿನ ಆದೇಶ. ಆಗಸ್ಟಿನ ಒಂದು ದಿನ ಆದೇಶ ಬಂದದ್ದು ಬೆಳಿಗ್ಗೆ 6:20ಕ್ಕೆ. ಏಳಕ್ಕೆ ತಿಳಿಸಿದರೆ ಸಾಕು ಎಂದು ಶಾಲೆಯ ಲೆಕ್ಕವಿತ್ತು, ಮಕ್ಕಳ ಜೀಪು ಹೊರಡುವುದು 7:45ಕ್ಕೆ. ಆದರೆ ಮದ್ರಸಕ್ಕೆ ಹೋಗುವ ಮಕ್ಕಳು ಆರೂಮುಕ್ಕಾಲಕ್ಕೆ ಮನೆ ಬಿಟ್ಟು, ಅಲ್ಲಿಂದ ಹಾಗೆಯೇ ಶಾಲೆಗೆ ಬರುತ್ತಾರೆ. ಅಂದು ಒಂಬತ್ತು ಮಕ್ಕಳು ದಾರಿಯಲ್ಲಿದ್ದರು. ಆ ಭಾಗದಲ್ಲಿ ಕರೆ ಮಾಡುವ ಹೆಂಗಸು ಮದ್ರಸದ ಉಸ್ತಾದರಿಗೆ ಫೋನ್ ಮಾಡಿದರು, ಅವರು ಮಕ್ಕಳನ್ನು ಅಲ್ಲೇ ಕೂರಿಸಿಕೊಂಡು ಒಬ್ಬೊಬ್ಬರನ್ನೇ ಮನೆಯವರ ಜತೆ ಕಳಿಸಿದರು. ಅಂದಿನಿಂದ ಉಸ್ತಾದರ ನಂಬರು, ಜೀಪಿನವರ ನಂಬರು, ಗೂಡಂಗಡಿಯವರ ನಂಬರು ಪಟ್ಟಿಯ ಮೊದಲ ಮೂರು ಸಾಲಿನಲ್ಲಿವೆ.

ಗುಡ್ಡೆಯ ಹಿಂದಿನ ಒಂದು ಮನೆಗೆ ಯಾವ ಫೋನೂ ತಾಗುವುದಿಲ್ಲ. ರಾತ್ರಿ ಆದೇಶ ಬಂದಿದ್ದರೆ ಹಾಲಿನ ಸೊಸೈಟಿಯವರು ಬೆಳಿಗ್ಗೆ ಆರಕ್ಕೆ ಹಾಲು ತೆಗೆದುಕೊಳ್ಳಲು ಹೋಗುವಾಗ ಹೇಳುತ್ತಾರೆ. ಆದೇಶ ಬೆಳಿಗ್ಗೆಯೇ ಬಂದರೆ ಆ ಮನೆಗೆ ದಾರಿ ಇನ್ನೂ ಸಿಕ್ಕಿಲ್ಲ. ಅಲ್ಲಿಯ ಒಂದನೇ ತರಗತಿಯ ಹುಡುಗನ ಜತೆ ಮಳೆಗಾಲ ಮುಗಿಯುವ ತನಕ ಅಜ್ಜ ಶಾಲೆಯ ಗೇಟಿನವರೆಗೂ ಬರುತ್ತಾರೆ.